ನೀರು ಹೊರಬೇಡಿ, ಸೌದೆ ಹೊರಿ

ಕೇಳುಗರಿಗೆಲ್ಲ ನಮಸ್ಕಾರ. ಸೌದೆ ತರಲು ಹೊರಟಾಗ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರ ಹತ್ತಿರ ಇವತ್ತು ನನ್ನ ಮಾತು. ಮಕ್ಕಳನ್ನು ಕರೆದೊಯ್ಯಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ರಜೆ ದಿನ ಹಿಂದೆಯೇ ಓಡಿ ಬರುವ ಮಕ್ಕಳು ಬೇಡ ಅಂದರೆ ಕೇಳುತ್ತವೆಯೇ? ನಾನು ಹೇಳಬೇಕಾಗಿರುವುದು ಒಂದೇ. ಹಸಿ ಸೌದೆ ಹೊರಬೇಡಿ. ಮಕ್ಕಳಿಗಂತೂ ಹೊರಿಸಲೇಬೇಡಿ.

ಆಗ ತಾನೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. 20 ಕಿಲೋ ಹೊರೆಯಲ್ಲಿ 10 ಕಿಲೋ, ಅಂದರೆ 10 ಲೀಟರ್ ನೀರೇ ಇರುತ್ತದೆ. ಅಷ್ಟನ್ನು ಬೆವರು ಸುರಿಸಿಕೊಂಡು ಹೊತ್ತು ತರುತ್ತೀರಿ. ಆಮೇಲೆ ಮನೆ ಹಿಂದೆ ಒಟ್ಟಿ ಬಿಸಿಲಿಗೆ ಒಣಗಿಸುತ್ತೀರಿ. ಆ ಬಿಸಿಲು ಮರ ಬಿದ್ದ ಜಾಗದಲ್ಲೂ ಇತ್ತು, ಅಲ್ವಾ?

ನನಗೆ ಪರಿಚಯದ ಒಬ್ಬರಿದ್ದಾರೆ. ಇಬ್ಬರು ಮಕ್ಕಳು, ಮಗಳು ದೊಡ್ಡವಳು. ಗಾಳಿಗೆ ಅವರ ಜಮೀನಿನ ತುದಿಯಲ್ಲಿ ಒಂದು ದೊಡ್ಡ ಮರ ಉರುಳಿತು. ಇವರು ಮರುದಿನವೇ ಕೊಯ್ಯಲು ಕೂತರು. ಕೊಯ್ಯುವ ಕೆಲಸ ಕಡಿಮೆಯಾಗಲಿ ಅಂತ ಮಾರುದ್ದದ ದಿಮ್ಮಿಗಳು. ಒಂದು ತುದಿ ಅಪ್ಪನ ಹೆಗಲಿಗೆ, ಇನ್ನೊಂದು ತುದಿ ಇಬ್ಬರು ಮಕ್ಕಳ ಕೈಗೆ. ನಾನು ಹೋದಾಗ ಹುಡುಗ ಮುಖ ಕೆಂಪಗೆ ಮಾಡಿಕೊಂಡು ದಿಮ್ಮಿ ಮೇಲೆ ಕೂತಿದ್ದ. ಅಪ್ಪ ರೇಗುತ್ತಿದ್ದರು. ಮಗಳು ಮಾತ್ರ ಕೊಯ್ದ ಮೈಯನ್ನು ಮುಟ್ಟಿ, "ಇದು ಒದ್ದೆ ಇದೆಯಲ್ಲಪ್ಪಾ" ಅಂದಳು. ನನಗೆ ಅಷ್ಟೇ ಬೇಕಾಗಿತ್ತು. "ಸ್ವಾಮಿ, ಅವಳ ಮಾತು ಕೇಳಿ, ಎಲ್ಲ ಇಲ್ಲೇ ಬಿಡಿ" ಅಂದೆ. ಅವರಿಗೆ ಇಷ್ಟವಾಗಲಿಲ್ಲ. ಆದರೂ ಒಪ್ಪಿಕೊಂಡರು.

ದಿಮ್ಮಿಗಳನ್ನು ಮೊಳದುದ್ದ ಕೊಯ್ದು ಅಲ್ಲೇ ಸೀಳಿದೆವು. ಯಾಕೆ ಸೀಳಬೇಕು? ಮರದ ನೀರು ತೊಗಟೆಯ ಕಡೆಯಿಂದ ಸುಲಭವಾಗಿ ಹೊರಗೆ ಬರುವುದಿಲ್ಲ. ಕೊಯ್ದ ತುದಿಯಿಂದ ಬೇಗ ಬರುತ್ತದೆ, ಸೀಳಿದ ಮೈಯಿಂದಲೂ ಬರುತ್ತದೆ. ತುಂಡು ಗಿಡ್ಡವಾದಷ್ಟೂ ಬೇಗ ಒಣಗುತ್ತದೆ. ನೆಲಕ್ಕೆ ಎರಡು ಕೊಂಬೆ ಅಡ್ಡ ಹಾಕಿ, ಅದರ ಮೇಲೆ ಗಾಳಿಯಾಡುವ ಹಾಗೆ ಒಟ್ಟಿದೆವು. ಒಟ್ಟಿದ್ದೆಲ್ಲ ಮಕ್ಕಳೇ. ಕೊಡಲಿ ಬೀಸುವಾಗ ಮಾತ್ರ ಅವರನ್ನು ದೂರ ನಿಲ್ಲಿಸಿದ್ದೆವು.

ಆ ಹುಡುಗಿ ಒಂದು ತುಂಡಿಗೆ ಇದ್ದಿಲಿನಲ್ಲಿ ಗುರುತು ಹಾಕಿ ತೂಗಿದಳು. ಸುಮಾರು 5 ಕಿಲೋ ಬಂತು. ಆಮೇಲೆ ಆ ಕಡೆ ಹೋದಾಗೆಲ್ಲ ತೂಗುವುದೇ ಅವಳ ಆಟವಾಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಅದೇ ತುಂಡು 3 ಕಿಲೋ ಚಿಲ್ಲರೆ! ಮಿಕ್ಕಿದ್ದು ಗಾಳಿಗೆ ಹೋಗಿತ್ತು. ಯಾರೂ ಹೊರಲಿಲ್ಲ, ಯಾರೂ ಬೈಸಿಕೊಳ್ಳಲಿಲ್ಲ. ಇದನ್ನು ಹೇಳುವಾಗೆಲ್ಲ ನನಗೆ ಖುಷಿ, ಅದಕ್ಕೇ ಮಾತು ಸ್ವಲ್ಪ ಉದ್ದವಾಯಿತು.

"ಸೌದೆ ಇವತ್ತೇ ಬೇಕು, ಕಾಯಲು ಆಗುವುದಿಲ್ಲ" ಅನ್ನುವವರು ಇದ್ದಾರೆ. ಸರಿ, ಹಸಿ ಸೌದೆಯನ್ನೇ ಒಲೆಗೆ ಹಾಕಿ ನೋಡಿ. ತುದಿಯಲ್ಲಿ ಬುಸ್ ಅಂತ ನೊರೆ ಉಕ್ಕುತ್ತದೆ, ಮನೆ ತುಂಬ ಹೊಗೆ. ಬೆಂಕಿಯ ಕಾವು ಆ ನೀರನ್ನು ಆವಿ ಮಾಡುವುದರಲ್ಲೇ ಸಾಕಷ್ಟು ಖರ್ಚಾಗುತ್ತದೆ. ಹೊತ್ತ ಶ್ರಮವೂ ದಂಡ, ಕಾವೂ ದಂಡ. ಇವತ್ತಿಗೆ ಬೇಕಿದ್ದರೆ ಒಣಗಿ ಬಿದ್ದ ಪುರಳೆ, ಸಣ್ಣ ಕೊಂಬೆ ಆರಿಸಿ. ಅದು ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ.

ಒಣಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ತೊಗಟೆ ಕೈಗೆ ಕಿತ್ತು ಬರುತ್ತದೆ. ಎರಡು ತುಂಡು ತಾಕಿಸಿದರೆ ಟಣ್ ಅನ್ನಬೇಕು. ದಬ್ ಅಂದರೆ ನೀರಿದೆ, ಅಲ್ಲೇ ಬಿಡಿ.

ಸಮಯ ಆಗುತ್ತಿದೆ ಅಂತ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಬೇಗ ಹೇಳಿಬಿಡುತ್ತೇನೆ. ಶಾಲೆ ಚೀಲಕ್ಕೆ ಮಗುವಿನ ತೂಕದ 10ರಲ್ಲಿ 1 ಪಾಲು ಅನ್ನುತ್ತಾರಲ್ಲ, ಸೌದೆಗೂ ಅದನ್ನೇ ಇಟ್ಟುಕೊಳ್ಳಿ. 25 ಕಿಲೋ ಮಗುವಿಗೆ ಎರಡೂವರೆ ಕಿಲೋ, ಅದೂ ತಲೆ ಮೇಲೆ ಬೇಡ. ಕೊಂಬೆ ಎಳೆಯುವುದಾದರೆ ಬುಡ ಮುಂದೆ ಇರಲಿ, ರೆಂಬೆಗಳು ನೆಲಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಇಳಿಜಾರಿನಲ್ಲಿ ದಿಮ್ಮಿ ಉರುಳಿಸುವಾಗ ಕೆಳಗಡೆ ಯಾವ ಮಗುವೂ ನಿಂತಿರಬಾರದು. ಒಟ್ಟಿದ ರಾಶಿಗೆ ಸುಮ್ನೆ ಕೈ ಹಾಕಿಸಬೇಡಿ. ಮೊದಲು ನೀವು ಕೋಲಿನಿಂದ ಬಡಿದು, ಅಲುಗಿಸಿ ನೋಡಿ, ಹಾವು ಚೇಳು ಇದ್ದೀತು. ಇನ್ನು ಮಳೆಗಾಲಕ್ಕೆ ರಾಶಿಯ ನೆತ್ತಿ ಮಾತ್ರ ಮುಚ್ಚಿ, ಪಕ್ಕ ಮುಚ್ಚಬೇಡಿ, ಗಾಳಿ ಆಡಲಿ. ನಮಸ್ಕಾರ.