ಕೆಂಪು ಅಂದರೆ ಯಾವ ಕೆಂಪು?

ನಮಸ್ಕಾರ, ಕೇಳುಗರೇ. ಮಳೆ ಹೊಳವಾದ ಮೇಲೆ ಕೆರೆ ಏರಿಗೆ ಹೋಗಿ ನಿಂತರೆ ಜೊಂಡಿನ ತುದಿಯಲ್ಲೊಂದು ಕೆಂಪು ಏರೋಪ್ಲೇನ್ ಚಿಟ್ಟೆ ಕೂತಿರುತ್ತದೆ. ಅದು ಚಿಟ್ಟೆಯಲ್ಲ, ಡ್ರ್ಯಾಗನ್‌ಫ್ಲೈ, ಗೊತ್ತು. ಬಾಲಕ್ಕೆ ದಾರ ಕಟ್ಟಿ ಹಾರಿಸಿದ ವಯಸ್ಸಿನಿಂದ ಬಾಯಿಗೆ ಹತ್ತಿದ ಹೆಸರು, ಬಿಡೋಕಾಗಲ್ಲ. ಎರಡು ವರ್ಷ ನನ್ನ ನೋಟ್‌ಬುಕ್ಕಿನ ತುಂಬ ಬರೀ ‘ಕೆಂಪು, ಗಂಡು’ ಅಂತಲೇ ಇತ್ತು. ಆಮೇಲೆ ತಿಳಿಯಿತು, ನಾನು ಎರಡು ಜಾತಿಯನ್ನು ಒಂದೇ ಚೀಲಕ್ಕೆ ಹಾಕುತ್ತಿದ್ದೆ.

ಒಂದು, ಕ್ರೋಕೋಥೆಮಿಸ್ ಸರ್ವೀಲಿಯಾ. ಗಂಡಿನದು ಹಣ್ಣು ಮೆಣಸಿನಕಾಯಿಯ ಕೆಂಪು. ಇನ್ನೊಂದು, 1839ರಲ್ಲಿ ಜರ್ಮನ್ ಕೀಟತಜ್ಞ ಬರ್ಮೈಸ್ಟರ್ ಹೆಸರಿಟ್ಟ ಟ್ರೈಥೆಮಿಸ್ ಅರೋರಾ. ಅರೋರಾ ಅಂದರೆ ಅರುಣೋದಯ. ನನ್ನ ಕಣ್ಣಿಗೆ ಮಾತ್ರ ಬೀಟ್‌ರೂಟ್ ಪಲ್ಯ ತಿಂದ ತಟ್ಟೆಯಲ್ಲಿ ಉಳಿದ ರಸದ ಬಣ್ಣ, ಸ್ವಲ್ಪ ನೇರಳೆ ಬೆರೆತ ಗುಲಾಬಿ. ಮೋಡ ಕವಿದರೆ ಈ ಎರಡು ಕೆಂಪೂ ಒಂದೇ ಆಗಿಬಿಡುತ್ತವೆ. ಹಿಂದಿನ ರೆಕ್ಕೆಯ ಬುಡದ ಜೇನುಬಣ್ಣದ ಮಚ್ಚೆಯನ್ನಾದರೂ ನಂಬೋಣವೆಂದರೆ, ಅದು ಎರಡಕ್ಕೂ ಇದೆ.

ಕಾಲು ನೋಡಿ. ಸರ್ವೀಲಿಯಾದ ಕಾಲೂ ಕೆಂಪು, ಅರೋರಾದ್ದು ಕಪ್ಪು. ಬೆಳಕಿಗೆ ಎದುರಾಗಿ ಕೂತಿದ್ದರೆ ಅರೋರಾದ ರೆಕ್ಕೆಯಲ್ಲಿ ಕೆಂಪು ನರಗಳ ಬಲೆ ಹೊಳೆಯುತ್ತದೆ. ಸರ್ವೀಲಿಯಾದ ಹೊಟ್ಟೆಯ, ಅಂದರೆ ನಾವು ಬಾಲ ಅನ್ನುವ ಭಾಗದ, ಮೇಲ್ಬದಿಯಲ್ಲಿ ಉದ್ದಕ್ಕೂ ಪೆನ್ನಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ. ಹೆಣ್ಣುಗಳು ಎರಡರಲ್ಲೂ ಹಳದಿ ಕಂದು, ಅರೋರಾ ಹೆಣ್ಣಿಗೂ ಕಪ್ಪು ಗುರುತುಗಳಿವೆ. ಹಾಗಾಗಿ ಅಲ್ಲಿ ಗೆರೆಯೊಂದನ್ನೇ ನಂಬಿದರೆ ಕೆಟ್ಟಿರಿ. ಎಳೆಯ ಗಂಡುಗಳೂ ಹೆಣ್ಣಿನ ವೇಷದಲ್ಲೇ ಇರುತ್ತವೆ ಎನ್ನುವುದು ಬೇರೆ ತಲೆನೋವು.

ಇವುಗಳ ಬಡಕಲು ದಾಯಾದಿ, ಸೂಜಿಯಂಥ ಡ್ಯಾಮ್ಸೆಲ್‌ಫ್ಲೈ ಬಗ್ಗೆ ಒಂದು ಮಾತು. ರೆಕ್ಕೆ ಮಡಚಿ ಕೂತರೆ ಡ್ಯಾಮ್ಸೆಲ್, ಹರಡಿ ಕೂತರೆ ಡ್ರ್ಯಾಗನ್ ಅಂತ ಹೇಳಿಕೊಡುತ್ತಾರೆ. ಲೆಸ್ಟಿಸ್ ಕುಲದ ಡ್ಯಾಮ್ಸೆಲ್‌ಗಳು ರೆಕ್ಕೆಯನ್ನು ಅರ್ಧ ಬಿಚ್ಚಿಕೊಂಡೇ ಕೂರುತ್ತವೆ. ಡ್ಯಾಮ್ಸೆಲ್‌ಗೆ ಮಾತ್ರ ಕಣ್ಣು ದೂರ ದೂರ ಅನ್ನೋಣವೆಂದರೆ, ಕೆರೆಯಂಚಿನ ಒಣಕಡ್ಡಿಯ ತುದಿಗೆ ಕೂರುವ ಹಳದಿ–ಕಪ್ಪು ಇಕ್ಟಿನೋಗೊಂಫಸ್ ಡ್ರ್ಯಾಗನ್ನಿಗೂ ಕಣ್ಣುಗಳ ನಡುವೆ ಸಂದಿದೆ. ಹಿಂದಿನ ರೆಕ್ಕೆಯ ಬುಡ ಮುಂದಿನದಕ್ಕಿಂತ ಅಗಲವಿದ್ದರೆ ಡ್ರ್ಯಾಗನ್. ಈ ಗುರುತು ನನಗೆ ಇಲ್ಲಿಯವರೆಗೆ ಕೈಕೊಟ್ಟಿಲ್ಲ.

ಹತ್ತಿರ ಹೋಗುವಾಗ ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ. ಹಾರಿಹೋದರೆ ಬೆನ್ನಟ್ಟಬೇಡಿ, ಅಲ್ಲೇ ಕುಕ್ಕರಗಾಲಲ್ಲಿ ಕೂತಿರಿ. ಸುತ್ತು ಹೊಡೆದು ಬಹುಪಾಲು ಅದೇ ಕಡ್ಡಿಗೆ ಬಂದು ಕೂರುತ್ತದೆ. ಆಗ ಮೊದಲು ಕಾಲು ನೋಡಿ.