‘ಲಿಮಾ’: ಕೈಯಲ್ಲಿ ಹುಟ್ಟಿದ ಐದು

ಇಂಡೋನೇಷ್ಯನ್ ಭಾಷೆಯ ಪ್ರಸ್ತಾಪ ಬಂದೊಡನೆ ನಾವು ‘ಬಹಾಸಾ’, ‘ನೆಗಾರಾ’, ‘ಗುರು’ ಎಂಬ ಪದಗಳನ್ನು ಪಟ್ಟಿಮಾಡಿ, ಇದೆಲ್ಲ ನಮ್ಮ ಸಂಸ್ಕೃತದ ಕೊಡುಗೆಯೆಂದು ಹೆಮ್ಮೆಪಡುತ್ತೇವೆ. ಆ ಪದಗಳ ಮೂಲ ಸಂಸ್ಕೃತವೆಂಬುದು ನಿಜ. ಆದರೆ ಆ ಭಾಷೆಯನ್ನು ಅಷ್ಟರಿಂದಲೇ ಅಳೆಯುವುದು ಅನ್ಯಾಯವೆಂದು ನಾನು ಬಲವಾಗಿ ನಂಬಿದ್ದೇನೆ. ಅದಕ್ಕೆ ‘ಲಿಮಾ’ ಎಂಬ ಒಂದು ಪದವೇ ಸಾಕ್ಷಿ.

ಇಂದಿನ ಇಂಡೋನೇಷ್ಯನ್‌ನಲ್ಲಿ ಲಿಮಾ ಎಂದರೆ ಐದು ಮಾತ್ರ; ಕೈಗೆ ‘ತಾಂಗನ್’ ಎಂಬ ಬೇರೆಯೇ ಪದವಿದೆ. ಆದರೆ ಬಾಲಿ ಭಾಷೆಯಲ್ಲಿ ಕೈಯೇ ಲಿಮಾ. ಹವಾಯಿ ಮತ್ತು ಸಮೋವಾಗಳಲ್ಲಿ ಆ ಒಂದೇ ಪದಕ್ಕೆ ಕೈ ಎಂಬ ಅರ್ಥವೂ ಇದೆ, ಐದು ಎಂಬ ಅರ್ಥವೂ ಇದೆ. ನ್ಯೂಜಿಲೆಂಡಿನ ಮಾವೋರಿಯಲ್ಲಿ ಐದು ‘ರಿಮಾ’ ಆದರೆ, ಹಿಂದೂ ಮಹಾಸಾಗರದ ಇನ್ನೊಂದು ಅಂಚಿನಲ್ಲಿ, ಆಫ್ರಿಕಾದ ಮಗ್ಗುಲಿಗಿರುವ ಮಡಗಾಸ್ಕರಿನಲ್ಲಿ, ‘ದಿಮಿ’. ತೈವಾನಿನ ಮೂಲನಿವಾಸಿಗಳಾದ ಪೈವಾನರ ಭಾಷೆಯಲ್ಲೂ ಐದು ಲಿಮಾವೇ. ಸಾವಿರಾರು ವರ್ಷಗಳ ಹಿಂದೆ ತೈವಾನಿನಿಂದ ದೋಣಿಗಳಲ್ಲಿ ದಕ್ಷಿಣಕ್ಕೆ ಹೊರಟ ಆಸ್ಟ್ರೋನೇಷ್ಯನ್ ಜನರು, ಬೆರಳೆಣಿಸಿ ಕಟ್ಟಿಕೊಂಡ ಈ ಪದವನ್ನು ದ್ವೀಪದಿಂದ ದ್ವೀಪಕ್ಕೆ ಒಯ್ದರು. ಬೋರ್ನಿಯೋ ದ್ವೀಪದ ಇಂಡೋನೇಷ್ಯನ್ ಭಾಗವಾದ ಕಾಲಿಮಂತಾನಿನ ಪೂರ್ವದಲ್ಲಿರುವ ಕುತಾಯಿಯಲ್ಲಿ ರಾಜ ಮೂಲವರ್ಮನ ಸಂಸ್ಕೃತ ಶಾಸನಗಳನ್ನು ಕೆತ್ತಿಸಿದ್ದು ಸುಮಾರು ಕ್ರಿ.ಶ. 400ರಲ್ಲಿ, ಆ ವೇಳೆಗಾಗಲೇ ಲಿಮಾ ಅಲ್ಲಿ ಬಹಳ ಹಳೆಯ ಪದ.

ಎರಡು ಎಂಬರ್ಥದ ‘ದುವಾ’ ಪದವನ್ನು ಸಂಸ್ಕೃತದ ‘ದ್ವಿ’ಗೆ ಜೋಡಿಸುವವರೂ ಇದ್ದಾರೆ. ಅದು ಬರಿಯ ಧ್ವನಿಸಾಮ್ಯ. ಪೈವಾನರ ‘ದ್ರುಸಾ’ದಲ್ಲಿ ಉಳಿದಿರುವ ‘ಸ’ಕಾರವೇ ಆ ಪದದ ಹಳೆಯ ರೂಪವನ್ನು ತೋರಿಸುತ್ತದೆ, ಹವಾಯಿಯ ‘ಲುವಾ’, ಮಾವೋರಿಯ ‘ರುವಾ’ ಅದರದೇ ಸಂತತಿ. ಕಿವಿಗೆ ಹತ್ತಿರವಾಗಿ ಕೇಳಿಸಿದ್ದನ್ನೆಲ್ಲ ನಮ್ಮದೆನ್ನುವ ಆತುರದಲ್ಲಿ ಇಂಥ ದೊಡ್ಡ ಕುಟುಂಬವೊಂದು ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ ಎಂಬುದೇ ನನ್ನ ನಿಜವಾದ ಬೇಸರ.

ಸಂಸ್ಕೃತದ ಪಾಲನ್ನು ಅಲ್ಲಗಳೆಯಬೇಕೆಂದು ನಾನು ಹೇಳುತ್ತಿಲ್ಲ. 1945ರ ಜೂನ್ 1ರಂದು, ಮುಂದೆ ಇಂಡೋನೇಷ್ಯದ ಮೊದಲ ಅಧ್ಯಕ್ಷರಾದ ಸುಕರ್ಣೋ, ಸ್ವತಂತ್ರ ದೇಶದ ತಳಹದಿಯಾಗಿ ಸಭೆಯೊಂದರಲ್ಲಿ ಮುಂದಿಟ್ಟ ತಮ್ಮ ಐದು ತತ್ವಗಳಿಗೆ ‘ಪಂಚಶಿಲಾ’ ಎಂಬ ಸಂಸ್ಕೃತದ ಹೆಸರನ್ನೇ ಆರಿಸಿಕೊಂಡರು. ಆದರೆ ಐದರ ಮಹತ್ವವನ್ನು ಸಭೆಗೆ ವಿವರಿಸುವಾಗ ಅವರು ಇಸ್ಲಾಮಿನ ಐದು ಆಧಾರಗಳನ್ನೂ ಕೈಯ ಐದು ಬೆರಳುಗಳನ್ನೂ ನೆನೆದದ್ದು ಲಿಮಾ ಎಂಬ ಪದದಿಂದಲೇ. ಐದರ ಲೆಕ್ಕ ಇನ್ನಾವುದಕ್ಕಿದೆ ಎಂದು ಅವರು ಕೇಳಿದಾಗ ಸಭಿಕರೊಬ್ಬರು ‘ಪೆಂಡಾವಾ ಲಿಮಾ’ ಎಂದು ಉತ್ತರಿಸಿದರು. ಮಹಾಭಾರತದ ಪಾಂಡವರನ್ನು ಆ ಜನ ಎಣಿಸಿದ್ದು ತಮ್ಮ ಪೂರ್ವಜರ ಪದದಲ್ಲಿ.