ಖರ್ಚು ಇಳಿಸದ ಫಿಲ್ಲರ್

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಲಬುರಗಿ ಸೀಮೆಯಲ್ಲಿ ಫಿಲ್ಲರ್, ಅಂದರೆ ಬೇರೆ ವಸ್ತುವಿಗೆ ಬೆರೆಸುವ ಪುಡಿ, ಎಂದಾಗ ಮೊದಲು ನೆನಪಾಗುವುದು ಸುಣ್ಣದಕಲ್ಲಿನ ಪುಡಿ. ಅದು ಅಗ್ಗ. ಪೇಂಟಿಗೋ ಪ್ಲಾಸ್ಟಿಕ್ಕಿಗೋ ಬೆರೆಸಿದರೆ ಖರ್ಚು ಇಳಿಯುತ್ತದೆ. ಫ್ಯೂಮ್ಡ್ ಸಿಲಿಕಾ ಎಂಬ ಬಲು ನಯವಾದ ಬಿಳಿ ಪುಡಿ ಕೂಡ ಫಿಲ್ಲರೇ, ಆದರೆ ಖರ್ಚು ಇಳಿಸಲೆಂದು ಅದನ್ನು ಯಾರೂ ಹಾಕುವುದಿಲ್ಲ. ಅದರ ಬೆಲೆಯೇ ಜಾಸ್ತಿ.

ಸಿಲಿಕಾನ್ ಟೆಟ್ರಾಕ್ಲೋರೈಡ್ ಆವಿಯನ್ನು ಹೈಡ್ರೋಜನ್ ಉರಿಯಲ್ಲಿ, ಸಾವಿರ ಡಿಗ್ರಿಗೂ ಮೇಲಿನ ಶಾಖದಲ್ಲಿ ಸುಟ್ಟು ಇದನ್ನು ಮಾಡುತ್ತಾರೆ. 1940ರ ದಶಕದಲ್ಲಿ ಜರ್ಮನಿಯ ಡೆಗುಸ್ಸಾ ಕಂಪನಿ ಈ ವಿಧಾನ ರೂಪಿಸಿತು. ಉರಿಯಲ್ಲಿ ಹುಟ್ಟುವ ಕಣಗಳು ಬರೀ 5ರಿಂದ 50 ನ್ಯಾನೋಮೀಟರ್; ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಬಿಸಿಯಲ್ಲೇ ಒಂದಕ್ಕೊಂದು ಬೆಸೆದು ಸರಪಳಿಯಾಗುತ್ತವೆ. ಸಾಮಾನ್ಯ ದರ್ಜೆಯ ಒಂದು ಗ್ರಾಂ ಪುಡಿಯ ಮೇಲ್ಮೈ ಸುಮಾರು 200 ಚದರ ಮೀಟರ್. ಅಂದರೆ ಹೆಚ್ಚುಕಡಿಮೆ ಎರಡು ಥರ್ಟಿ-ಫಾರ್ಟಿ ಸೈಟು!

ಇದರ ಗುಟ್ಟೆಲ್ಲ ಆ ಮೇಲ್ಮೈಯಲ್ಲೇ ಇದೆ. ಅಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಆಕ್ಸಿಜನ್-ಹೈಡ್ರೋಜನ್ ಜೋಡಿಗಳು, ಪಕ್ಕದ ಸರಪಳಿಯನ್ನು ಮೆಲ್ಲಗೆ ಹಿಡಿದುಕೊಳ್ಳುತ್ತವೆ. ದ್ರವದೊಳಗೆ ಒಂದು ಬಲೆ ಏಳುತ್ತದೆ. ನಮ್ಮ ಬೇಸಿಗೆಯ ಬಿಸಿಲಿಗೆ ಅಂಟಿನಂಥ ರೆಸಿನ್ ತೆಳ್ಳಗಾಗಿ ಗೋಡೆಯಿಂದ ಇಳಿಯುತ್ತದೆ, ಅಲ್ವಾ? ನೂರಕ್ಕೆ ಎರಡು ಮೂರು ಪಾಲು ಈ ಪುಡಿ ಕಲಸಿದರೆ ಸಾಕು, ಹಚ್ಚಿದಲ್ಲೇ ನಿಲ್ಲುತ್ತದೆ. ಬ್ರಶ್ ಆಡಿಸಿದಾಗ ಬಲೆ ಬಿಚ್ಚಿ ಸಲೀಸಾಗಿ ಹರಡುತ್ತದೆ. ಕೈ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಇಷ್ಟು ಅಚ್ಚುಕಟ್ಟಾದ ಕೆಲಸ ಸುಣ್ಣದಕಲ್ಲಿನ ಪುಡಿಯಿಂದ ಆಗದು.

ಸಿಲಿಕೋನ್ ರಬ್ಬರಿನಲ್ಲಂತೂ ಇದು ಬೇಕೇ ಬೇಕು. ಇದಿಲ್ಲದ ಸಿಲಿಕೋನ್ ರಬ್ಬರ್ ಎಳೆದರೆ ಹರಿಯುತ್ತದೆ. ಸೇರಿಸಿದರೆ ಬಲ ಹತ್ತು ಪಟ್ಟಿಗೂ ಮೇಲೆ ಏರುತ್ತದೆ. ಮಾತ್ರೆ ಮಾಡುವಾಗ ಔಷಧದ ಪುಡಿ ಗಂಟು ಕಟ್ಟದೆ ಯಂತ್ರಕ್ಕೆ ಇಳಿಯಲೂ ಇದನ್ನು ಚೂರು ಸೇರಿಸುತ್ತಾರೆ. ಬೀದರಿನ ಕೊಳಾರ, ಯಾದಗಿರಿಯ ಕಡೇಚೂರಿನಲ್ಲಿ ಔಷಧ ಕೆಲಸ ಹುಡುಕುವ ಹುಡುಗರು ಇದನ್ನು ತಿಳಿದಿರಲಿ.

ಸೇಡಂ, ವಾಡಿ ಕಡೆಯ ಸಿಮೆಂಟ್ ಗೆಳೆಯರಿಗೊಂದು ಮಾತು. ಕಾಂಕ್ರೀಟಿಗೆ ಹಾಕುವ ಬೂದುಬಣ್ಣದ ಸಿಲಿಕಾ ಫ್ಯೂಮ್ ಬೇರೆ. ಅದು ಫೆರೋಸಿಲಿಕಾನ್ ಎಂಬ ಕಬ್ಬಿಣ-ಸಿಲಿಕಾನ್ ಮಿಶ್ರಲೋಹದ ಕುಲುಮೆಯ ಹೊಗೆಯಿಂದ ಸಿಗುವ ಉಪ ಉತ್ಪನ್ನ. ಆರ್ಡರ್ ಕೊಡುವಾಗ ಹೆಸರು ಸರಿಯಾಗಿ ನೋಡಿ.

ಫ್ಯೂಮ್ಡ್ ಸಿಲಿಕಾದಲ್ಲಿ ಹರಳಿನ ರಚನೆ ಇಲ್ಲ. ಹಾಗಾಗಿ ಹರಳಿನ ರಚನೆಯಿರುವ ಕ್ವಾರ್ಟ್ಜ್ ಕಲ್ಲಿನ ಧೂಳಿನಂತೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವಂಥದ್ದಲ್ಲ. ಆದರೂ ಧೂಳು ಧೂಳೇ. ಗಂಟಲು ಕೆರೆಯುತ್ತದೆ, ಕಣ್ಣು ಉರಿಯುತ್ತದೆ. ಚೀಲ ಬಿಚ್ಚುವ ಮೊದಲು ಫ್ಯಾನ್ ಆರಿಸಿ, ಮಾಸ್ಕ್ ಹಾಕಿಕೊಳ್ಳಿ, ಪುಡಿಯನ್ನು ನಿಧಾನವಾಗಿ ಸುರಿಯಿರಿ. ಉಳಿದದ್ದನ್ನು ತೇವ ತಾಗದ ಕಡೆ ಬಾಯಿ ಕಟ್ಟಿ ಇಡಿ. ನಮಸ್ಕಾರ.